ನೂರರ ಮೇಲಿನ ಒಂದು

ಅಂಕಲಿಯ ವಿರುಪಾಕ್ಷಪ್ಪ ಮಾಸ್ತರರು ದಣಿದಿದ್ದರು. ಸುಮ್ಮನೆ ದಣಿದಿದ್ದರು ಅಂದರೆ ಯಾರೂ ನಂಬಲಿಕ್ಕಿಲ್ಲ. ಕೃಷ್ಣಾ ನದಿ ಮಹಾಬಳೇಶ್ವರದ ಗುಡ್ಡ ಇಳಿದು ಅಂಕಲಿಯ ಸೇತುವೆತನಕ ಬರುವಷ್ಟರಲ್ಲಿ ಎಷ್ಟು ದಣಿದಿರುತ್ತದೋ, ಅದಕ್ಕಿಂತ ಒಂದು ಕೊಡ ಹೆಚ್ಚೇ ದಣಿದಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ದಣಿವಲ್ಲ ಅದು. ಅವರ ಕೈಯಲ್ಲಿ ಸವೆದ ಖಡು, ಅಂದರೆ ಸೀಮೆಸುಣ್ಣದ ಕಡ್ಡಿಗಳನ್ನು ಒಂದರ ಮುಂದೊಂದು ಜೋಡಿಸಿದ್ದರೆ ಚಿಕ್ಕೋಡಿಯಿಂದ ನಿಪ್ಪಾಣಿಗೆ ಒಂದು ಬಿಳಿ ಗೆರೆ ಎಳೆದು, ತಿರುಗಿ ಬರುವಾಗ ಅದಕ್ಕೆ ಸಮಾಂತರವಾಗಿ ಇನ್ನೊಂದು ಎಳೆಯಬಹುದಿತ್ತು. ಅಷ್ಟಕ್ಕೆಲ್ಲ ದಣಿಯುವ ಗಂಡಸಲ್ಲ ಅವರು. ಅವರನ್ನು ಹಣ್ಣು ಮಾಡಿದ್ದು ಶಾಲೆಯ ಹೊರಗಿನ ಗಣಿತ.

ಒಳಗೆ ಎವರೇಜ್ ಎಂದರೆ ಸರಾಸರಿ ಎಂದು ಬೆತ್ತ ಮುರಿಯುವ ಹಾಗೆ ಕಲಿಸಿ ಹೊರಗೆ ಬಂದರೆ, ಅದೇ ಹುಡುಗರು ಆ ಎವರೇಜನ್ನು ಒಯ್ದು ಫಟಫಟಿಯ ಟಾಕಿಗೆ ಸುರಿದಿರುತ್ತಿದ್ದರು. "ಎವರೇಜ್ ಎಷ್ಟ ಕೊಡತೈತಿ?" "ಅರವತ್ತ ಕೊಡತೈತಿ." ಲೀಟರು ಪೆಟ್ರೋಲಿಗೆ ಗಾಡಿ ಓಡುವ ದೂರಕ್ಕೆ ಎವರೇಜ್ ಎಂದು ಹೆಸರಿಟ್ಟ ಆಸಾಮಿ ಸಿಕ್ಕಿದ್ದರೆ ಮಾಸ್ತರರು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಇವತ್ತಿಗೂ ಇಳಿಸುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ತನ್ನ ಚಹಾ ಉಳಿದವರದಕ್ಕಿಂತ 'ಮೂರ ಪಟ್ಟ ಸೋವಿ' ಎಂದು ಕೂಗುತ್ತಿದ್ದ. ಒಂದು ಪಟ್ಟು ಸೋವಿಯಾದರೇ ಪುಕ್ಕಟೆ, ಮೂರು ಪಟ್ಟಾದರೆ ಕುಡಿದವನಿಗೆ ನೀನೇ ರೊಕ್ಕ ಕೊಡಬೇಕು ಎಂದು ಮಾಸ್ತರರು ಒಮ್ಮೆ ಕಪ್ಪು ಕೆಳಗಿಟ್ಟು ಕೈ ಚಾಚಿ ನಿಂತದ್ದೂ ಉಂಟು. ಒಬ್ಬ ಪುಢಾರಿ ಪಕ್ಷ ಬಿಟ್ಟು, ಇನ್ನೊಂದು ಸೇರಿ, ಮತ್ತೆ ಮೊದಲಿನದಕ್ಕೇ ಬಂದು ಕೂತಾಗ ಜನ "ಮನಷ್ಯಾ ಮುನ್ನೂರಾ ಅರವತ್ತ ಡಿಗ್ರಿ ಬದಲ ಆಗ್ಯಾನ" ಅಂದರು. ಚಿಕ್ಕೋಡಿ, ರಾಯಬಾಗ, ಅಥಣಿ ಮೂರೂ ತಾಲೂಕುಗಳ ಇತಿಹಾಸದಲ್ಲಿ ಗಣಿತದ ಮಾತೊಂದು ತನ್ನ ಜಾಗದಲ್ಲಿ ಬಿದ್ದದ್ದು ಅದೊಂದೇ ಸಲ. ಅದೂ ಆಡಿದವರಿಗೆ ಗೊತ್ತಿಲ್ಲದೆ.

ಇವೆಲ್ಲಕ್ಕಿಂತ ಅವರ ಜೀವ ತಿಂದದ್ದು 'ಟಕ್ಕೆ'. ಗಡಿಯಾಚೆಯ ಮರಾಠಿಯಿಂದ ಬಂದು ಈ ಸೀಮೆಯ ಬಾಯಲ್ಲಿ ಬೇರು ಬಿಟ್ಟ ಮಾತು ಅದು; ಶೇಕಡಾ ಎಂದರ್ಥ. ಆದರೆ ಇಲ್ಲಿ ಟಕ್ಕೆ ನೂರಕ್ಕೆ ನಿಲ್ಲುತ್ತಿರಲಿಲ್ಲ. 'ಐವತ್ತ ಟಕ್ಕೆ ಬರತೇನಿ' ಅಂದರೆ ಬರುವುದಿಲ್ಲ. 'ಎಂಬತ್ತ ಟಕ್ಕೆ' ಅಂದರೂ ಬರುವುದಿಲ್ಲ, ಆದರೆ ಸಿಕ್ಕಾಗ ಚಹಾ ಕುಡಿಸುತ್ತಾನೆ. 'ನೂರ ಟಕ್ಕೆ' ಅಂದರೆ ನೋಡೋಣ. 'ನೂರಾ ಒಂದ ಟಕ್ಕೆ' ಎಂದಾಗಲೇ ಹಳ್ಳಿಯ ಮನುಷ್ಯ ಕೂತಲ್ಲಿಂದ ಏಳುವುದು. ಈ ನೂರಾ ಒಂದರ ಮೇಲೆ ಮಾಸ್ತರರು ಮೂವತ್ತು ವರ್ಷ ಯುದ್ಧ ಹೂಡಿದ್ದರು, ಮೂವತ್ತು ವರ್ಷವೂ ಸೋತಿದ್ದರು.

ಸೋಲಿಸಿದವರಲ್ಲಿ ಮೊದಲಿಗ ಅವರ ಹಳೆಯ ಶಿಷ್ಯ ರಾವಸಾಹೇಬ. ಅಂಕಲಿಯಲ್ಲಿ ಕಬ್ಬು, ಐನಾಪುರದಲ್ಲಿ ದ್ರಾಕ್ಷಿ, ಮೈಮೇಲೆ ಬಿಳಿ ಸಫಾರಿ. ಗಣಿತದಲ್ಲಿ ಮೂರು ಸಲ ನಪಾಸಾಗಿ, ನಾಲ್ಕನೆಯ ಸಲ ಪರೀಕ್ಷೆಯ ದಿನವೇ ಎತ್ತು ಕೊಳ್ಳಲು ಹೋದವನು. ಅವನ ಕಬ್ಬು ಎಷ್ಟು ಎತ್ತರವೆಂದರೆ ಅದರ ಸುಳಿಯಲ್ಲಿ ಗೂಡು ಕಟ್ಟಿದ ಹಕ್ಕಿಗೆ ಮಿರಜದ ರೈಲು ಕಾಣುತ್ತಿತ್ತು. ದ್ರಾಕ್ಷಿಗೆ ಹೊಸ ಔಷಧಿ ತಂದಾಗ ಅವನು ಮಾಸ್ತರರ ಕಟ್ಟೆಯ ಮೇಲೆ ಕೂತು, "ಸರ, ಇದನ್ನ ಹೊಡದ್ರ ರೋಗ ಇನ್ನೂರ ಟಕ್ಕೆ ಕಡಿಮಿ ಆಗತೈತಿ" ಅಂದಿದ್ದ.

"ನೂರು ಟಕ್ಕೆ ಕಡಿಮಿ ಆದ್ರ ರೋಗನ ಉಳ್ಯಾಂಗಿಲ್ಲೋ. ಇನ್ನ ನೂರು ಎಲ್ಲಿಂದ ಕಡಿಮಿ ಮಾಡ್ತಿ?"

"ಬಾಜೂ ಹೊಲದಾಗಿಂದ್ರಿ ಸರ."

ಅವತ್ತಿನಿಂದ ಮಾಸ್ತರರು ತಿದ್ದುವುದನ್ನು ಬಿಟ್ಟರು. ನಿವೃತ್ತಿಯೂ ಆಗಿತ್ತು. ತೊಂಬತ್ತೊಂದನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಕಟ್ಟೆಯ ಮೇಲಿನ ಬಿಸಿಲು, ಮತ್ತು ಹೆಂಡತಿ ಗಿರಿಜವ್ವ ಬಡಿದ ರೊಟ್ಟಿ.

ಗಿರಿಜವ್ವನ ರೊಟ್ಟಿಯೆಂದರೆ ರೊಟ್ಟಿ. ಮೂರೂ ತಾಲೂಕಿನಲ್ಲಿ ನಿಜವಾದ ವೃತ್ತ ಅದೊಂದೇ ಎಂದು ಮಾಸ್ತರರು ಸ್ಟಾಫ್ ರೂಮಿನಲ್ಲಿ ಸಾರಿದ್ದರು. ನಡುಮಧ್ಯೆ ಬೆರಳಿಟ್ಟು ಯಾವ ಕಡೆಗೆ ಅಳೆದರೂ ಒಂದು ಎಳ್ಳುಕಾಳಿನಷ್ಟೂ ಹೆಚ್ಚುಕಡಿಮೆ ಇಲ್ಲ. ಕೈವಾರ ನಾಚಿಕೊಂಡು ಡಬ್ಬಿ ಸೇರಬೇಕು. ಆ ರೊಟ್ಟಿ ಒಂದು ದಿನ ಒಂದು ಕಡೆ ಚಾಚಿಕೊಂಡಿತು. ಮರುದಿನ ಇನ್ನಷ್ಟು. ಮಾಸ್ತರರು ತಿದ್ದದೆ ಉಂಡರು. ವೃತ್ತ ದೀರ್ಘವೃತ್ತವಾಗಿ, ದೀರ್ಘವೃತ್ತ ಬದನೆಕಾಯಾಗುವ ಹೊತ್ತಿಗೆ ಅವರಿಗೆ ತಿಳಿಯಿತು, ಹೋಗುತ್ತಿರುವುದು ಕೈಯಲ್ಲ, ಕಣ್ಣು.

"ನಿನಗ ಕಾಣಸವಲ್ದೇನ?"

"ಕಾಣಸತೈತಿ. ಹೊಗಿ ಹಿಂದಿಂದ ಕಂಡಂಗ ಕಾಣಸತೈತಿ."

"ಒಲಿ ಆರಿ ತಾಸ ಆತಲ್ಲ."

"ಅದನ್ನ ನಾನೂ ವಿಚಾರ ಮಾಡಾಕತ್ತೇನಿ" ಅಂದಳು ಗಿರಿಜವ್ವ.

ಮಿರಜದ ಕಣ್ಣಿನ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಎಂದರು. ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ, ಇರುವಿಕೆ ಮಾತ್ರ ಉಂಟು ಎಂದು ಸಾವಿರಾರು ಮಕ್ಕಳಿಗೆ ಹೇಳಿದ ಮಾಸ್ತರರು, ಹೆಂಡತಿಯ ಎರಡೂ ಕಣ್ಣು ತುಂಬಿ ಕೂತ ಈ ಬಿಂದುವನ್ನು ಬಗ್ಗಿ ಬಗ್ಗಿ ನೋಡಿದರು.

"ಮಾವಶಿ, ಹೆದರಬ್ಯಾಡ್ರಿ" ಡಾಕ್ಟರು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದರು. "ಬಲಗಣ್ಣು ಹಣ್ಣಾಗೇತಿ. ಈ ಥಂಡಿ ದಿವಸದಾಗ ಆಪರೇಶನ್ ಮಾಡೂಣು. ಇನ್ನೂ ತಡಾ ಮಾಡಿದ್ರ ನನ್ನ ಕೈಯಾಗ ಇರಾಂಗಿಲ್ಲ. ಮತ್ತ ಹಳ್ಳ್ಯಾಗಿನ ನಾಟಿ ಹನಿ ಗಿನಿ ಹಾಕಸಬ್ಯಾಡ್ರಿ, ಇದ್ದ ಕಣ್ಣೂ ಹೋಗತಾವ."

"ಆಪರೇಶನ್ ಮಾಡಿದ್ರ ಕಣ್ಣ ಬರತಾವನ್ರಿ?" ಗಿರಿಜವ್ವ ಕೇಳಿದಳು.

"ನೂರರಾಗ ತೊಂಬತ್ತೈದ ಮಂದಿಗೆ ಛಲೋ ಆಗತೈತಿ."

ಮಾಸ್ತರರಿಗೆ ಡಾಕ್ಟರನ್ನು ತಬ್ಬಿಕೊಳ್ಳಬೇಕೆನಿಸಿತು. ನೂರರ ಒಳಗೆ ನಿಂತು ಮಾತಾಡುವ ಒಬ್ಬ ಮನುಷ್ಯನನ್ನು ಕಂಡು ಎಷ್ಟು ಯುಗವಾಗಿತ್ತು! ಆದರೆ ಗಿರಿಜವ್ವ ಸೆರಗು ಹೊದ್ದುಕೊಂಡು ಎದ್ದೇಬಿಟ್ಟಿದ್ದಳು.

ಕಾಗವಾಡದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನ ಸರಳು ಹಿಡಿದು ಕೂತಳು. ಆ ಬಸ್ಸು ಎಷ್ಟು ಕುಣಿಯುತ್ತಿತ್ತೆಂದರೆ ಹಾಲಿನ ಡಬ್ಬಿ ಹಿಡಿದು ಹತ್ತಿದವರು ಬೆಣ್ಣೆ ಹಿಡಿದು ಇಳಿಯುತ್ತಿದ್ದರು. ಒಂದು ದೊಡ್ಡ ತಗ್ಗು ದಾಟಿದ ಮೇಲೆ ಆಕೆ ಕೇಳಿದಳು: "ಏನ್ರಿ, ಆ ಉಳದ ಐದ ಮಂದಿ ಯಾರು?"

"ಯಾವ ಐದ ಮಂದಿ?"

"ತೊಂಬತ್ತೈದ ಮಂದಿಗೆ ಛಲೋ ಆಗತೈತಿ ಅಂದ್ರಲ್ಲ. ಉಳದಾವ್ರು."

"ಅವರು ಯಾರೂ ಅಲ್ಲ. ಅದು ಒಂದು ಸಂಖ್ಯಾ. ಶೇಕಡಾ ಐದು ಅಂತ—"

"ಮಂದಿ ಅಂದ್ರ ಮಂದಿನ್ರಿ. ಅವರಿಗೂ ಮನಿ ಇರತೈತಿ, ಒಲಿ ಇರತೈತಿ. ಕಣ್ಣ ಹೋದ ಮ್ಯಾಲ ಅವರು ಏನ ಮಾಡ್ತಾರ?"

ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಮಾಸ್ತರರು ಕಿಟಕಿಯ ಹೊರಗಿನ ಕಬ್ಬಿನ ಸಾಲು ಎಣಿಸತೊಡಗಿದರು.

ಮನೆಗೆ ಬಂದ ಗಿರಿಜವ್ವ ಆಪರೇಶನ್ ಒಲ್ಲೆ ಎಂದಳು. ಮಾಸ್ತರರು ಅಂಗಳಕ್ಕೆ ಹುಣಸೆಬೀಜ ತಂದು ನೂರು ಎಣಿಸಿ ಗುಡ್ಡೆ ಹಾಕಿದರು. ಐದನ್ನು ಬೇರೆ ಇಟ್ಟರು. ಕಣ್ಣು ಮುಚ್ಚಿ ಒಂದು ತೆಗೆ, ಯಾವುದು ಬರುತ್ತದೆ ನೋಡೋಣ ಎಂದರು. ಗಿರಿಜವ್ವ ಕೈಯಾಡಿಸಿ ಸರಿಯಾಗಿ ಆ ಐದರಲ್ಲೇ ಒಂದನ್ನು ಎತ್ತಿದಳು. ಬೇರೆ ಇಟ್ಟಿದ್ದರಿಂದ ಸಿಕ್ಕಿತು, ಕಲಸಿಟ್ಟರೆ ಸಿಗುವುದಿಲ್ಲ ಎಂದು ಮಾಸ್ತರರು ಬಡಬಡಿಸುವಷ್ಟರಲ್ಲಿ ಆಕೆ ಬೀಜವನ್ನು ಬಾಯಿಗೆ ಹಾಕಿಕೊಂಡಿದ್ದಳು.

ಅಷ್ಟರಲ್ಲಿ ಸುದ್ದಿ ರಾವಸಾಹೇಬನಿಗೆ ತಲುಪಿತು. "ವೈನೀ, ಕಣ್ಣಿಗೆ ಕತ್ತರಿ ಹಾಕಸಬ್ಯಾಡ್ರಿ. ಕಬ್ಬೂರದಾಗ ತುಕಾರಾಮ ಅಂತ ಅದಾನ, ಬೇರಿನ ರಸದ ಹನಿ ಕೊಡ್ತಾನ. ನೂರಾ ಒಂದ ಟಕ್ಕೆ ಗ್ಯಾರಂಟಿ! ಸಂತಿ ದಿವಸ ನಾನ ಫಟಫಟಿ ಮ್ಯಾಲ ಕರಕೊಂಡ ಬರತೇನಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಮನಸ್ಸಿನಲ್ಲಿ ಅವನು ಎಂದೂ ನಪಾಸಾದವನಲ್ಲ. ಸಂತೆಯ ದಿನದತನಕ ಮಾಸ್ತರರು ಕಾಡಿದರು, ಬೇಡಿದರು, ಒಂದು ಹೊತ್ತು ಊಟ ಬಿಟ್ಟು ಕೂತರು. ಹನಿಯನ್ನೇ ಹಾಕಿಸಿಕೊಳ್ಳುತ್ತೇನೆ ಎಂದ ಗಿರಿಜವ್ವ ಕದಲಲಿಲ್ಲ.

ಸಂತೆಯ ದಿನ ಮುಂಜಾನೆ ಗಿರಿಜವ್ವ ಮುಖ ತೊಳೆದು, ಪಡಸಾಲೆಯ ಚಾಪೆಯ ಮೇಲೆ ಕಂಬಕ್ಕೆ ಆತು ಕೂತಳು. ಮಡಿಲಲ್ಲಿ ಒಗೆದ ಒಂದು ಅರಿವೆ. ಫಟಫಟಿ ಬಂದು ನಿಂತಿತು. ಹಿಂದಿನಿಂದ ತುಕಾರಾಮ ಇಳಿದ. ಅವನ ಮೀಸೆ ಅವನಿಗಿಂತ ಮೊದಲು ಒಳಗೆ ಬಂತು. ಜೋಳಿಗೆಯಿಂದ ಸಣ್ಣ ಹಸಿರು ಬಾಟಲಿ ತೆಗೆದು ಅವನು ಬಿಸಿಲಿಗೆ ಹಿಡಿದ.

ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. "ತಡಿಯಪಾ. ಇದನ್ನ ಎಷ್ಟ ಮಂದಿಗೆ ಹಾಕೀದಿ?"

"ಲೆಕ್ಕ ಎಲ್ಲಿಂದ್ರಿ ಮಾಸ್ತರ್? ನಿಪ್ಪಾಣಿತನಕ ಹಾಕೇನಿ."

"ಎಷ್ಟ ಮಂದಿಗೆ ಕಣ್ಣ ಬಂದಾವ?"

"ಹಾಕಿದಷ್ಟೂ ಮಂದಿಗೆ."

"ಅವರೊಳಗ ಒಬ್ಬಾವ್ನ ಹೆಸರ ಹೇಳು."

"ಕಣ್ಣ ಬಂದಾವ್ರು ಮತ್ತ ನನ್ನ ಕಡೆ ಯಾಕ ಬರತಾರ್ರಿ? ಹೆಸರ ಹೆಂಗ ಗೊತ್ತಾಗಬೇಕು?"

"ಲೆಕ್ಕನ ಇಲ್ಲಂದ್ರ ನೂರಾ ಒಂದ ಟಕ್ಕೆ ಯಾವ ಗಣಿತದಾಗ ಬಂತೋ?"

ತುಕಾರಾಮ ರಾವಸಾಹೇಬನ ಮುಖ ನೋಡಿದ. ಮಾಸ್ತರರು ಚೌಕಾಶಿಗೆ ಇಳಿದಿದ್ದಾರೆ ಎಂದು ಅವನಿಗೆ ಅನಿಸಿರಬೇಕು. "ಹಂಗಾರ ನಿಮಗಂತ ನೂರಾ ಎರಡ ಇಟಗೋರಿ" ಅಂದ.

ಮಾಸ್ತರರ ಸಿಟ್ಟು ಏರಿತು. ಅದು ಯಾವ ಮಟ್ಟಕ್ಕೆ ಏರಿತೆಂದರೆ ಮಾಡಿನ ಮೇಲೆ ಕೂತಿದ್ದ ಪಾರಿವಾಳಗಳು ಐನಾಪುರಕ್ಕೆ ಹಾರಿದವು, ಆ ವಾರ ಮರಳಲಿಲ್ಲ. ನೂರೆಂದರೆ ಏನು, ಪೂರ್ಣವೆಂದರೆ ಏನು, ಪೂರ್ಣಕ್ಕಿಂತ ದೊಡ್ಡ ಭಾಗ ಯಾಕೆ ಇರುವುದಿಲ್ಲ ಎಂದು ಅವರು ಮೂವತ್ತು ವರ್ಷದ ಪಾಠವನ್ನೆಲ್ಲ ಒಂದೇ ಉಸಿರಿನಲ್ಲಿ ಸುರಿದರು. ಒಂದು ಕೊಡದಲ್ಲಿ ಒಂದು ಕೊಡಕ್ಕಿಂತ ಹೆಚ್ಚು ನೀರು ತುಂಬಿ ತೋರಿಸು ಎಂದರು. ತುಕಾರಾಮ ಕೈಕಟ್ಟಿ ಕೇಳಿದ. ರಾವಸಾಹೇಬ ಹಳೆಯ ನೆನಪಿಗೆ ತಾನಾಗಿ ಎದ್ದು ನಿಂತ.

"ಮುಗೀತನ್ರಿ?" ಎಂದಳು ಗಿರಿಜವ್ವ.

ಮಾಸ್ತರರು ಅಂಗೈಯಿಂದ ಹಣೆಯ ಬೆವರು ಒರೆಸಿಕೊಂಡರು.

"ನಮ್ಮ ಲಗ್ನದಾಗ ಮಂದಿ ಆಹೇರ ಮಾಡಿದ್ರಲ್ಲ, ನೆನಪೈತಿ? ಯಾರರ ಬರೇ ನೂರ ಇಟ್ಟಿದ್ರನು?"

"ಇಲ್ಲ. ಉಡುಗೊರಿ ಕೊಡೂ ಹೊತ್ತಿಗೆ ಹನ್ನೊಂದು, ಐವತ್ತೊಂದು, ನೂರಾ ಒಂದು ಅಂತ ಇಡ್ತಾರ."

"ಯಾಕ?"

"ಪದ್ಧತಿ."

"ಪದ್ಧತಿ ಅಲ್ಲ. ನೂರ ಇಟ್ರ ಕಡೀಗೆ ಸೊನ್ನಿ ಬಂತು. ಕೊಡೂದು ಮುಗೀತು, ಕೈ ತೊಳಕೊಂಡ್ರು. ಮ್ಯಾಲ ಒಂದ ಇಟ್ರ, ನಾ ಇಲ್ಲೇ ಅದೇನಿ, ಮತ್ತ ಬರತೇನಿ ಅಂದಂಗ." ಗಿರಿಜವ್ವ ಗಂಡನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು, ನೋಟ ಮಾತ್ರ ಅವರ ಕಿವಿಯ ಪಕ್ಕದಲ್ಲಿ ಹಾದುಹೋಯಿತು. "ಡಾಕ್ಟರು ತೊಂಬತ್ತೈದ ಅಂದ್ರು. ಖರೆ ಇರಬೇಕು. ನೀವೂ ಹುಣಸಿಬೀಜ ಹರವಿ ತೊಂಬತ್ತೈದ ಅಂದ್ರಿ. ಅದೂ ಖರೆ. ನಾಳೆ ಆ ಐದ ಮಂದ್ಯಾಗ ನಾ ಬಿದ್ರ, ನನ್ನ ಲೆಕ್ಕ ಬರೋಬರಿ ಇತ್ತು ಅಂತ ನೀವು ಕಟ್ಟಿ ಮ್ಯಾಲ ಕುಂಡರತೀರಿ. ಈ ತುಕಾರಾಮ ಸುಳ್ಳ ಹೇಳಾಕತ್ತಾನ, ಅದೂ ನನಗ ಗೊತ್ತೈತಿ. ಆದ್ರ ಆ ಒಂದನ್ನ ಇಟ್ಟಾವ ಇವನೊಬ್ಬನ."

ಪಡಸಾಲೆ ಸ್ತಬ್ಧವಾಯಿತು. ಎಷ್ಟು ಸ್ತಬ್ಧವೆಂದರೆ ಕೃಷ್ಣೆಯಲ್ಲಿ ಮೊಸಳೆ ಮಗ್ಗುಲು ಬದಲಿಸಿದ ಸಪ್ಪಳ ಕೇಳಿತು. ಮಾಸ್ತರರು ಬಾಗಿಲು ಬಿಟ್ಟು ಬಂದು, ಹೆಂಡತಿಯ ಎದುರು ನೆಲದ ಮೇಲೆ ಕೂತರು. ಅವರು ಇಷ್ಟು ದಿನ ದಣಿದಿದ್ದದ್ದು ಒಂದು ತೂಕವಾದರೆ, ಈಗ ದಣಿದದ್ದು ಅದರ ಸಾವಿರ ಪಟ್ಟು. ಲೆಕ್ಕ ತಪ್ಪಿದ್ದರೆ ಒರೆಸಿ ಮತ್ತೆ ಮಾಡಬಹುದಿತ್ತು. ಲೆಕ್ಕ ಸರಿಯಿತ್ತು, ಅದೇ ಕಷ್ಟ.

"ಗಿರಿಜಾ."

"ಹೇಳ್ರಿ."

"ತೊಂಬತ್ತೈದು ಡಾಕ್ಟರದು."

"ಗೊತ್ತೈತಿ."

"ಉಳದ ಆರು ನಂದು."

ಗಿರಿಜವ್ವ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸತೊಡಗಿದಳು. ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ಆಕೆಯ ತುಟಿ ಅಲುಗುವುದನ್ನು ಮೂವರೂ ನೋಡಿದರು. ಆರನೆಯ ಗೆಣ್ಣಿಗೆ, ನೂರಾ ಒಂದಕ್ಕೆ, ಹೆಬ್ಬೆರಳು ನಿಂತಿತು.

ಮೊದಲು ಬಾಯಿಬಿಟ್ಟವನು ರಾವಸಾಹೇಬ. "ಸರ, ತಪ್ಪ ಆತಲ್ರಿ ಲೆಕ್ಕಾ! ನೂರರಾಗ ತೊಂಬತ್ತೈದ ಕಳದ್ರ ಐದ ಉಳೀತಾವ. ಆರ ಹೆಂಗ?"

ಜನ್ಮದಲ್ಲಿ ಮೊದಲ ಸಲ ಅವನ ಗಣಿತ ಸರಿಯಾಗಿತ್ತು. ಆ ಖುಷಿಗೆ ಅವನ ಸಫಾರಿಯ ಗುಂಡಿ ಬಿಗಿಯಾದವು.

"ಐದು ಲೆಕ್ಕಕ್ಕ" ಅಂದರು ಮಾಸ್ತರರು. "ಒಂದು ಆಹೇರ."

"ಕಣ್ಣ ಬರಲಿಲ್ಲಂದ್ರ?" ಗಿರಿಜವ್ವ ಕೇಳಿದಳು.

"ರೊಟ್ಟಿ ನಾ ಬಡೀತೇನಿ."

"ನೀವು?"

"ನಾನ. ಉಣ್ಣೂದು ನಿನ್ನ ನಶೀಬ."

ಗಿರಿಜವ್ವನ ಮುಖದಲ್ಲಿ ಏನೋ ಸಡಿಲಾಯಿತು. ಅದು ನಗುವೋ ಅಳುವೋ ಗೊತ್ತಾಗುವ ಮೊದಲೇ ತುಕಾರಾಮನಿಗೆ ಗಿರಾಕಿ ಕೈಬಿಡುವ ವಾಸನೆ ಬಡಿಯಿತು. ಅವನು ಬಾಟಲಿ ಎತ್ತಿ ಹಿಡಿದು, "ಅಕ್ಕಾರ, ನಂದು ನೂರಾ ಹತ್ತ ಟಕ್ಕೆ! ನೂರಾ ಹತ್ತ!" ಎಂದು ಕೂಗಿದ.

"ಸಾಕ ಬಿಡಪಾ" ಅಂದಳು ಗಿರಿಜವ್ವ. "ನೂರಾ ಹತ್ತಕ್ಕ ಮತ್ತ ಕಡೀಗೆ ಸೊನ್ನಿನ ಬಂತು. ಬಿಸಿಲಾಗ ಬಂದೀದಿ, ಚಹಾ ಕುಡದ ಹೋಗು."

ಆಪರೇಶನ್ನಿನ ಮುಂಜಾನೆ ಮಿರಜದಲ್ಲಿ ಥಂಡಿ ಎಷ್ಟಿತ್ತೆಂದರೆ ಆಡಿದ ಮಾತು ಗಾಳಿಯಲ್ಲಿ ಹೆಪ್ಪುಗಟ್ಟಿ, ಕೇಳಬೇಕಾದವರು ಅಂಗೈಯಲ್ಲಿ ಹಿಡಿದು ಕಾಯಿಸಿಕೊಳ್ಳಬೇಕಿತ್ತು. ಹಸಿರು ಅಂಗಿ ತೊಟ್ಟ ಗಿರಿಜವ್ವನನ್ನು ಒಳಗೆ ಒಯ್ಯುವ ಮೊದಲು ಡಾಕ್ಟರು ಬಂದು, "ಮಾವಶಿ, ಹೆದರಿಕಿ ಇಲ್ಲಲ್ಲ?" ಅಂದರು.

"ಇಲ್ಲರಿ. ನೂರಾ ಒಂದ ಟಕ್ಕೆ ಗ್ಯಾರಂಟಿ ಕೊಟ್ಟಾರ."

ಡಾಕ್ಟರ ಹುಬ್ಬು ಗಂಟಾಯಿತು. ಅವರು ತಿರುಗಿ ದಾದಿಯನ್ನು, ವಾರ್ಡಿನವನನ್ನು, ಬಾಗಿಲ ಬಳಿ ನಿಂತ ರಾವಸಾಹೇಬನನ್ನು ದಿಟ್ಟಿಸಿದರು. "ಇಂಥಾ ಅವೈಜ್ಞಾನಿಕ ಮಾತ ಪೇಶಂಟಿಗೆ ಯಾರ ಹೇಳ್ಯಾರ? ನೂರಾ ಒಂದ ಟಕ್ಕೆ ಅಂತ ಜಗತ್ತನ್ಯಾಗ ಇರತೈತೇನು? ಯಾರ ಹೇಳಿದ್ದು?"

ರಾವಸಾಹೇಬ ಖುಷಿಯಿಂದ ಛಾವಣಿ ನೋಡಿದ. ಈ ಸಲ ತಪ್ಪು ಅವನದಲ್ಲ.

ಮೂಲೆಯ ಬೆಂಚಿನಿಂದ ವಿರುಪಾಕ್ಷಪ್ಪ ಮಾಸ್ತರರು ಎದ್ದರು. ಮೂವತ್ತು ವರ್ಷ ಬೇರೆಯವರನ್ನು ನಿಲ್ಲಿಸಿದ್ದ ಮನುಷ್ಯ, ಹಿಂದಿನ ಸಾಲಿನ ಹುಡುಗನ ಹಾಗೆ ಮೆಲ್ಲಗೆ ಬಲಗೈ ಎತ್ತಿದರು.

"ನಾನ್ರಿ."

"ನೀವು ಏನ ಕೆಲಸದಾಗ ಇದ್ರಿ?"

"ಗಣಿತದ ಮಾಸ್ತರ್" ಎಂದು ಅವರ ಪರವಾಗಿ ರಾವಸಾಹೇಬನೇ ಹೇಳಿದ. ಡಾಕ್ಟರು ಒಂದು ಗಳಿಗೆ ಮಾಸ್ತರರನ್ನೂ ಗಿರಿಜವ್ವನನ್ನೂ ನೋಡಿ ಒಳಗೆ ಹೋದರು.

ಪಟ್ಟಿ ಬಿಚ್ಚಿದ ಮೇಲೂ ಹೊಗೆ, ಧೂಳು, ಬಿಸಿಲು ಆಗದೆಂದು ಕರೀ ಕನ್ನಡಕ ಕೊಟ್ಟಿದ್ದರು. ಒಲೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಹೀಗಾಗಿ ಕಣ್ಣು ಬಂದೀತೋ ಬಾರದೋ, ಮಾಸ್ತರರು ಆಡಿದ ಮಾತಿಗೆ ಮೊದಲೇ ಸಿಕ್ಕಿಬಿದ್ದರು. ಅವರು ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯ ಜನ ಯಾರ ಮನೆಯ ಗೋಡೆ ಬಿತ್ತು ಎಂದು ಓಡಿ ಬರುತ್ತಿದ್ದರು. ಮೊದಮೊದಲು ಗಿರಿಜವ್ವ ಬೆಳಕು ಮಾತ್ರ ಕಾಣುತ್ತದೆ ಎಂದಳು. ಆಮೇಲೆ ಬಾಗಿಲು ಎಲ್ಲಿದೆ ತಿಳಿಯುತ್ತದೆ ಎಂದಳು. ಎಷ್ಟು ಕಾಣುತ್ತದೆ ಎಂದು ಮಾಸ್ತರರು ಕೇಳಲಿಲ್ಲ. ಅಂಥ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಬಂದೀತೆಂದು ಅವರಿಗೆ ಹೆದರಿಕೆ.

ದಪ್ಪ ಗಾಜಿನ ಹೊಸ ಚಸ್ಮಾ ಮಿರಜದಿಂದ ಬಂದ ದಿನ, ಗಿರಿಜವ್ವ ಅದನ್ನು ಏರಿಸಿಕೊಂಡು ಊಟಕ್ಕೆ ಕೂತಳು. ತಾಟಿನತ್ತ ಬಾಗಿದಳು. ಬಾಗಿ ಹಾಗೇ ಉಳಿದಳು. ಮಾಸ್ತರರ ಕೈಯ ತುತ್ತು ಕೈಯಲ್ಲೇ ನಿಂತಿತು.

"ಏನ್ರಿ ಇದು?"

"ರೊಟ್ಟಿ."

"ರೊಟ್ಟಿ ಅಂತ ಗೊತ್ತೈತಿ. ಇದು ಯಾವ ಆಕಾರ?" ಆಕೆ ಅದರ ಅಂಚಿನ ಮೇಲೆ ಬೆರಳು ಓಡಿಸಿದಳು. "ಇಲ್ಲಿ ಒಂದ ಬಾಲ ಐತಿ. ಇಲ್ಲಿ ಯಾರೋ ಕಚ್ಚಿದಂಗ ಐತಿ. ಈ ಕಡೆ ಸುಟ್ಟು ಕರ್ರಗಾಗೇತಿ."

ರೊಟ್ಟಿಯ ಬಾಲ ಕಂಡಿತ್ತು. ಕರಿ ಕಂಡಿತ್ತು. ಮಾಸ್ತರರು ತುತ್ತನ್ನು ಮೆಲ್ಲಗೆ ತಾಟಿಗೆ ಇಳಿಸಿದರು. ತ್ರಿಭುಜದಿಂದ ಹಿಡಿದು ಶಂಕುವಿನತನಕ ಗೊತ್ತಿದ್ದ ಆಕಾರಗಳನ್ನೆಲ್ಲ ಮನಸ್ಸಿನಲ್ಲಿ ಹುಡುಕಿದರು. ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ, ತಿದ್ದುವಷ್ಟೂ ಇರಲಿಲ್ಲ.

"ಇದಕ್ಕ ಗಣಿತದಾಗ ಹೆಸರಿಲ್ಲ" ಅಂದರು. "ತಿನ್ನು, ಆರತೈತಿ."